ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿರುವ ಕಾರ್ಡ್ ಕೆಲಸ ಮಾಡದಿರಲು ಕಾರಣವೇನು?

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್‌ನಲ್ಲಿ ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್ ಆದ ಉಬುಂಟು 22.04 ಇದೆ. ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲದಿರುವುದರಿಂದ ಎನ್‌ವಿಡಿಯಾ ಜಿಟಿ 710 ಕಾರ್ಡ್ ಹಾಕಿಸಿದ್ದೇನೆ. ವೇಗ ಹೆಚ್ಚಲೆಂದು 535 ಸರಣಿಯ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಅಳವಡಿಸಿದ ಮೇಲೆ ಪರದೆ 1024×768 ಅಳತೆಗೆ ಇಳಿದಿದೆ. ಕಾಫಿ ತೋಟದ ಫೋಟೊಗಳನ್ನು ತೆರೆದರೂ ಯಂತ್ರ ತಡವರಿಸುತ್ತದೆ. ಸೆಟ್ಟಿಂಗ್ಸ್‌ನ ಅಬೌಟ್ ಪುಟದಲ್ಲಿ ಕಾರ್ಡಿನ ಹೆಸರಿನ ಬದಲು ‘ಎಲ್‌ಎಲ್‌ವಿಎಂ‌ಪೈಪ್’ ಎಂದಿದೆ. ಆದರೆ ಎಲ್‌ಎಸ್‌ಪಿಸಿಐ (lspci, ಯಂತ್ರಕ್ಕೆ ಜೋಡಿಸಿರುವ ಸಾಧನಗಳನ್ನು ಪಟ್ಟಿ ಮಾಡುವ ಕಮಾಂಡ್) ಕೊಟ್ಟಾಗ ಕಾರ್ಡಿನ ಹೆಸರು ಬರುತ್ತದೆ. ಮಳೆಗಾಲದ ತೇವಕ್ಕೆ ಕಾರ್ಡ್ ಹಾಳಾಗಿದೆ, ಬದಲಿಸಿ ಎಂದು ರಿಪೇರಿಯವರು ಹೇಳುತ್ತಾರೆ. ಇದು ನಿಜವೇ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ದಯವಿಟ್ಟು ಹೊಸ ಕಾರ್ಡಿಗೆ ಹಣ ಸುರಿಯಬೇಡಿ. ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಹೆಸರು ಬಂದಿದೆ ಎಂದರೆ ಮದರ್‌ಬೋರ್ಡ್ ಕಾರ್ಡನ್ನು ಗುರುತಿಸಿದೆ ಎಂದೇ ಅರ್ಥ. ಕಾರ್ಡ್ ಯಂತ್ರಕ್ಕೇ ಕಾಣದಿರುವುದು ಒಂದು ತೊಂದರೆ, ಕಂಡರೂ ಅದನ್ನು ನಡೆಸುವ ಡ್ರೈವರ್ ಇಲ್ಲದಿರುವುದು ಬೇರೆಯೇ ತೊಂದರೆ, ನಿಮ್ಮದು ಎರಡನೆಯದು.

ನಿಮ್ಮಲ್ಲಿ ಮಾರಾಟವಾಗುವ ಜಿಟಿ 710 ಎನ್‌ವಿಡಿಯಾದ ಕೆಪ್ಲರ್ ಪೀಳಿಗೆಗೆ ಸೇರಿದ್ದು. ಈ ಪೀಳಿಗೆಗೆ ಸಲ್ಲುವ ಕೊನೆಯ ಡ್ರೈವರ್ ಸರಣಿ 470. ನೀವು ಹಾಕಿರುವ 535ಕ್ಕೆ ನಿಮ್ಮ ಕಾರ್ಡಿನ ಪರಿಚಯವೇ ಇಲ್ಲ. ಇಷ್ಟೇ ಆಗಿದ್ದರೆ ಉಬುಂಟು ತನ್ನಲ್ಲಿರುವ ಮುಕ್ತ ಡ್ರೈವರ್ ‘ನೂವೋ’ವನ್ನು ಬಳಸಿಕೊಳ್ಳುತ್ತಿತ್ತು. ಆದರೆ ಎನ್‌ವಿಡಿಯಾ ಪ್ಯಾಕೇಜ್ ತಾನು ಬರುವಾಗಲೇ ನೂವೋವನ್ನು ನಿರ್ಬಂಧದ ಪಟ್ಟಿಗೆ ಸೇರಿಸುತ್ತದೆ. ಹೀಗಾಗಿ ಬಂದದ್ದು ಕೆಲಸ ಮಾಡದೆ, ಇದ್ದದ್ದಕ್ಕೆ ಅವಕಾಶವಿಲ್ಲದೆ, ಚಿತ್ರ ಬಿಡಿಸುವ ಭಾರವೆಲ್ಲ ಪ್ರೊಸೆಸರ್ ಮೇಲೆ ಬಿದ್ದಿದೆ. ಎಲ್‌ಎಲ್‌ವಿಎಂ‌ಪೈಪ್ ಎಂಬುದು ಹಾಗೆ ಪ್ರೊಸೆಸರ್‌ನಿಂದಲೇ ಚಿತ್ರ ಮೂಡಿಸುವ ತಂತ್ರಾಂಶದ ಹೆಸರು. ಖಚಿತಪಡಿಸಿಕೊಳ್ಳಲು ಎಲ್‌ಎಸ್‌ಪಿಸಿಐ ಕಮಾಂಡಿಗೆ ಹೈಫನ್ ಮತ್ತು ‘ಕೆ’ ಸೇರಿಸಿ (lspci -k) ಕೊಡಿ: ಕಾರ್ಡಿನ ಹೆಸರಿನ ಕೆಳಗೆ ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲೇ ಇಲ್ಲದಿದ್ದರೆ ಕಾರ್ಡನ್ನು ಯಾವ ಡ್ರೈವರೂ ನಡೆಸುತ್ತಿಲ್ಲ.

ಪರಿಹಾರ ಕಷ್ಟದ್ದಲ್ಲ. ‘ಸಾಫ್ಟ್‌ವೇರ್ ಅಂಡ್ ಅಪ್‌ಡೇಟ್ಸ್’ ತೆರೆದು, ‘ಅಡಿಷನಲ್ ಡ್ರೈವರ್ಸ್’ ವಿಭಾಗದಲ್ಲಿ ನೂವೋ ಆಯ್ದು, ಯಂತ್ರವನ್ನು ಮತ್ತೆ ಚಾಲೂ ಮಾಡಿ. ಹಳೆಯ ನಿರ್ಬಂಧ ಉಳಿದುಕೊಂಡಿದ್ದರೆ 535ರ ಪ್ಯಾಕೇಜ್‌ಗಳನ್ನು ಟರ್ಮಿನಲ್‌ನಲ್ಲಿ ಆಪ್ಟ್ ಪರ್ಜ್ (apt purge) ಕಮಾಂಡ್ ಮೂಲಕ ಪೂರ್ತಿಯಾಗಿ ತೆಗೆಯಬೇಕು. ಫೋಟೊ, ಕಡತ, ವೀಡಿಯೊ ನೋಡುವಷ್ಟು ಕೆಲಸಕ್ಕೆ ನೂವೋ ಸಾಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೂ ಹೆಚ್ಚಿನ ವೇಗ ಬೇಕೆನಿಸಿದರೆ ಅದೇ ವಿಭಾಗದಲ್ಲಿ 470 ಆರಿಸಬಹುದು. ಆದರೆ ಕೆಪ್ಲರ್ ಕಾರ್ಡ್‌ಗಳಿಗೆ ಕಂಪನಿಯ ಬೆಂಬಲ 2024ರಲ್ಲಿ ಕೊನೆಗೊಂಡಿರುವುದರಿಂದ ಮುಂದೆ ಹೊಸ ಕರ್ನೆಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬಂದಾಗ ಅದು ಕೈಕೊಡಬಹುದು. ಅಳವಡಿಸುವಾಗ, ಸಹಿಯಿಲ್ಲದ ತಂತ್ರಾಂಶ ಲೋಡ್ ಆಗದಂತೆ ತಡೆಯುವ ಸೆಕ್ಯೂರ್ ಬೂಟ್‌ಗಾಗಿ ಪಾಸ್‌ವರ್ಡ್ ಕೇಳಿದರೆ, ಮರುಚಾಲನೆಯಲ್ಲಿ ಬರುವ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ಆಯ್ದು ಅದೇ ಪಾಸ್‌ವರ್ಡ್ ಕೊಡಿ. ಅವಸರದಲ್ಲಿ ‘ಕಂಟಿನ್ಯೂ’ ಒತ್ತಿದರೆ ಡ್ರೈವರ್ ಲೋಡ್ ಆಗುವುದಿಲ್ಲ.

ತೇವದ ಮಾತು ಆಧಾರವಿಲ್ಲದ್ದೇನಲ್ಲ. ಕೊಡಗಿನಂಥ ಕಡೆ ಮಳೆಗಾಲದಲ್ಲಿ ಗೋಡೆಗಳೇ ಬೆವರುವಾಗ ಕಾರ್ಡಿನ ಅಂಚಿನ ಸಂಪರ್ಕಗಳ ಮೇಲೂ ಜಿಡ್ಡು, ಕೊಳೆ ಕೂರುತ್ತದೆ. ಆದ್ದರಿಂದ ಎಲ್‌ಎಸ್‌ಪಿಸಿಐ ಪಟ್ಟಿಯಲ್ಲೇ ಕಾರ್ಡ್ ಕಾಣದ ಓದುಗರು ವಿದ್ಯುತ್ ಸಂಪರ್ಕ ತೆಗೆದು, ಕಾರ್ಡನ್ನು ಹೊರತೆಗೆದು, ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಸ್ಲಾಟ್‌ನಲ್ಲಿ ಭದ್ರವಾಗಿ ಕೂರಿಸಬೇಕು. ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು ಬೇಡ. ಅದು ತೆಳುವಾದ ಚಿನ್ನದ ಲೇಪವನ್ನು ಸವೆಸುತ್ತದೆ. ಸ್ಲಾಟ್‌ನಿಂದ ಸಿಗುವುದು ಹೆಚ್ಚೆಂದರೆ 75 ವ್ಯಾಟ್, ಹಾಗಾಗಿ ದೊಡ್ಡ ಕಾರ್ಡ್‌ಗಳಿಗೆ 6 ಅಥವಾ 8 ಪಿನ್‌ಗಳ ಪ್ರತ್ಯೇಕ ತಂತಿ ಸೇರಿಸಿದೆಯೇ ಎಂಬುದನ್ನೂ ನೋಡಿ. ಇಷ್ಟಾದ ಮೇಲೂ ಕಾಣದಿದ್ದರೆ ಅದೇ ಕಾರ್ಡನ್ನು ಇನ್ನೊಂದು ಯಂತ್ರದಲ್ಲಿ ಹಾಕಿ ಪರೀಕ್ಷಿಸಿ. ಅಲ್ಲಿಯೂ ಕಾಣದಿದ್ದಾಗ ಮಾತ್ರ ಕಾರ್ಡ್ ಕೆಟ್ಟಿದೆ ಎನ್ನಬಹುದು.