ಹಳೆ ಮಾರುತಿ ಜಿಪ್ಸಿಯಲ್ಲಿ ಹಳ್ಳ ದಾಟಿ ಬಂದೆ. ಡಿಫರೆನ್ಷಿಯಲ್ ಆಯಿಲ್ ಹಾಕಿಸಿ 5,000 ಕಿಲೋಮೀಟರ್ ಅಷ್ಟೇ ಆಗಿದೆ. ಈಗಲೇ ಬದಲಿಸಬೇಕಾ? ಇದು ನಿಮ್ಮ ಪ್ರಶ್ನೆ. ಡಿಫರೆನ್ಷಿಯಲ್ ಅಂದರೆ ಆಕ್ಸಲ್ ನಡುವಿನ ಗುಂಡು ಪೆಟ್ಟಿಗೆ, ಎಂಜಿನ್ ಬಲವನ್ನು ಎರಡೂ ಚಕ್ರಕ್ಕೆ ಹಂಚುವ ಹಲ್ಲುಚಕ್ರಗಳು ಇರುವುದು ಅದರಲ್ಲಿ.

40,000 ಕಿಲೋಮೀಟರ್ ತನಕ ಕಾಯಬಹುದಾ, ಬದಲಿಸುವುದಾದರೆ ಸಿಂಥೆಟಿಕ್ ಹಾಕಲಾ, ಆಕ್ಸಲ್ ಸವೆದಿದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ ಅಂತಲೂ ಕೇಳಿದ್ದೀರಿ. ಮುಂದಿನ ಶನಿವಾರ ಮತ್ತೆ ಸಕಲೇಶಪುರಕ್ಕೆ ಹೊರಟಿದ್ದೀರಿ. 2019ರಲ್ಲಿ ನಾನೂ ಇದೇ ಲೆಕ್ಕ ಹಾಕಿದ್ದೆ. ಗಾಡಿಯೂ ಇದೇ.

ನನ್ನದು 1999ರ ಮಾಡೆಲ್. ಆ ವರ್ಷ ಆಗಸ್ಟ್‌ನಲ್ಲಿ, ಮಳೆಗಾಲದ ಡ್ರೈವ್‌ಗೆ ಮುಂಚೆ ಎಲ್ಲ ಅಚ್ಚುಕಟ್ಟಾಗಿ ಮಾಡಿಸಿದ್ದೆ. ಹಿಂದೆ ಮುಂದೆ ಎರಡೂ ಡಿಫರೆನ್ಷಿಯಲ್‌ಗೆ ದುಬಾರಿ ಸಿಂಥೆಟಿಕ್ ಆಯಿಲ್. ತುಕ್ಕು ಹಿಡಿಯದಿರಲಿ ಅಂತ ಗಾಡಿಯ ಅಡಿಗೆಲ್ಲ ಕಪ್ಪು ಕೋಟಿಂಗ್. ಬೆಳಗಿನ ಜಾವ ನಾಲ್ಕಕ್ಕೆ ಬನಶಂಕರಿಯಿಂದ ಹೊರಟೆವು. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣದಲ್ಲಿ ಒಂದು ಕಾಫಿ, ಹಾಸನ, ಆಮೇಲೆ ಸಕಲೇಶಪುರ. ಸುಮಾರು 220 ಕಿಲೋಮೀಟರ್ ಒಂದೇ ಸಮ ಓಡಿಸಿ, ಸ್ನೇಹಿತನ ಕಾಫಿ ತೋಟದ ಗೇಟ್ ದಾಟಿ, ಸೀದಾ ಹಳ್ಳಕ್ಕೆ ಇಳಿಸಿದೆ. ನೀರು ಚಕ್ರದ ಹಬ್, ಅಂದರೆ ನಡುಭಾಗ, ಮುಳುಗುವಷ್ಟಿತ್ತು. ಎರಡು ದಿನದಲ್ಲಿ ಆರೇಳು ಸಲ ದಾಟಿದೆವು. ಗಾಡಿ ಎಲ್ಲೂ ನಿಲ್ಲಲಿಲ್ಲ. ತುಂಬಾ ಖುಷಿಯಾಗಿತ್ತು.

ವಾಪಸ್ ಬಂದು ತೊಳೆಯುವಾಗ ಹಿಂದಿನ ಎಡ ಚಕ್ರದ ಒಳಮೈ ಮೇಲೆ ಎಣ್ಣೆ ಇಳಿದ ಗೆರೆ ಕಂಡಿತು. ಆಯಿಲ್ ಹಾಕಿಸಿ 700 ಕಿಲೋಮೀಟರ್ ಆಗಿಲ್ಲ, ಹಾಕುವಾಗ ಚೆಲ್ಲಿರಬೇಕು ಅಂದುಕೊಂಡು ಬಟ್ಟೆಯಲ್ಲಿ ಒರೆಸಿದೆ. ಆಯಿಲ್ ಇಳಿಸಲು ಕೆಳಗಿರುವ ಬಿರಡೆಯನ್ನು, ಅಂದರೆ ಡ್ರೈನ್ ಪ್ಲಗ್, ಬಿಚ್ಚಿ ನೋಡಲಿಲ್ಲ. ಹೊಸ ಆಯಿಲ್ ಅಲ್ವಾ, ಅದರಲ್ಲಿ ನೋಡುವುದೇನಿದೆ ಅನ್ನಿಸಿತ್ತು.

ನನ್ನ ತಪ್ಪು ಇದೇ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವು ಈಗ ಅದನ್ನೇ ಮಾಡಲು ಹೊರಟಿದ್ದೀರಿ.

ಡಿಫರೆನ್ಷಿಯಲ್ ಹೌಸಿಂಗ್ (ಹೊರಗಿನ ಕವಚ) ಒಳಗೆ ಕೆಳಗೆ ಆಯಿಲ್, ಮೇಲೆ ಗಾಳಿ ಇರುತ್ತದೆ. ಹೈವೇಯಲ್ಲಿ ಮೂರು ನಾಲ್ಕು ಗಂಟೆ ಓಡಿದರೆ ಹೌಸಿಂಗ್ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಗೆ ಹೋಗಲಿ ಅಂತಲೇ ಆಕ್ಸಲ್ ಮೇಲೆ ಬೆರಳ ತುದಿಯಷ್ಟು ದೊಡ್ಡ ಒಂದು ಮೂತಿ ಇಟ್ಟಿರುತ್ತಾರೆ. ಅದೇ ಬ್ರೀದರ್. ನನ್ನ ಗಾಡಿಯಲ್ಲಿ ಆ ಬ್ರೀದರ್ ಮೇಲೆ ಕಪ್ಪು ಕೋಟಿಂಗ್ ಕೂತು ಗಟ್ಟಿಯಾಗಿತ್ತು. ಕೋಟಿಂಗ್ ಹೊಡೆಯುವ ಮುಂಚೆ ಅದಕ್ಕೊಂದು ಟೇಪ್ ಸುತ್ತಿ ಅಂತ ನಾನು ಹೇಳಬೇಕಿತ್ತು, ಹೇಳಲಿಲ್ಲ. ಆಮೇಲಾದರೂ ಕೈ ಹಾಕಿ ನೋಡಬೇಕಿತ್ತು, ನೋಡಲಿಲ್ಲ. ದಾರಿ ಕಟ್ಟಿದ ಮೇಲೆ ಹಿಗ್ಗಿದ ಗಾಳಿ ಆಯಿಲ್ ಸೀಲ್ ಕಡೆಯಿಂದ ನುಗ್ಗಿತು. ಜೊತೆಗೆ ಆಯಿಲ್ ಕೂಡ ಬಂತು. ಚಕ್ರದ ಮೇಲಿನ ಗೆರೆ ಅದೇ.

ಇದು ಅರ್ಧ ಕಥೆ. ಕುದಿಯುವ ಹಾಗಿದ್ದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದಾಗ ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್ ಮುಚ್ಚಿದೆ, ಇನ್ನೆಲ್ಲಿಂದ ಎಳೆಯಬೇಕು? ಸೀಲ್ ಅಂಚಿನಿಂದ. ಆ ಸೀಲ್ ಇರುವುದು ಒಳಗಿನ ಆಯಿಲ್ ಹೊರಗೆ ಬಾರದಂತೆ ತಡೆಯಲು. ಅದರ ತುಟಿ ಒಳಮುಖವಾಗಿ ಇರುತ್ತದೆ. ಹೊರಗಿನ ನೀರನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ಒಂದೊಂದು ಸಲ ಇಳಿದಾಗಲೂ ಒಂದಿಷ್ಟು ನೀರು ಒಳಗೆ ಹೋಗಿದೆ. ಇಳಿಯುವ ಮುಂಚೆ ಇಪ್ಪತ್ತು ನಿಮಿಷ ನಿಲ್ಲಿಸಿ ಆಕ್ಸಲ್ ತಣಿಯಲು ಬಿಟ್ಟಿದ್ದರೂ ಇಷ್ಟು ನೀರು ಹೋಗುತ್ತಿರಲಿಲ್ಲ.

ಆಗಲೂ ಕಾಲ ಮಿಂಚಿರಲಿಲ್ಲ. ವಾಪಸ್ ಬಂದ ವಾರದಲ್ಲೇ ಆಯಿಲ್ ಇಳಿಸಿದ್ದರೆ 1,500 ರೂಪಾಯಿಯಲ್ಲಿ ಮುಗಿಯುತ್ತಿತ್ತು. ನಾನು ಆಫೀಸಿಗೆ ಮೆಟ್ರೋದಲ್ಲಿ ಓಡಾಡುವವನು. ಗಾಡಿ ಮನೆ ಮುಂದೆ ನಿಂತಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಜೂನ್‌ನಲ್ಲಿ ಕನಕಪುರ ರಸ್ತೆಗೆ ತೆಗೆದುಕೊಂಡು ಹೋದಾಗ 50ರ ವೇಗದಲ್ಲಿ ಹಿಂದಿನಿಂದ ಊಳಿಡುವಂಥ ಸದ್ದು. ಆಕ್ಸಲರೇಟರ್ ಬಿಟ್ಟರೆ ಸದ್ದಿನ ಧಾಟಿ ಬದಲಾಗುತ್ತಿತ್ತು. ಮೊದಲು ಟೈರ್ ಸದ್ದು ಅಂದುಕೊಂಡೆ.

ವಿಲ್ಸನ್ ಗಾರ್ಡನ್ ಹತ್ತಿರ ನಾನು ನಂಬುವ ಹಳೆ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಡ್ರೈನ್ ಪ್ಲಗ್ ಬಿಚ್ಚಿದರು. ಮೊದಲು ಸುಮಾರು ಒಂದು ಲೋಟ ಬರೀ ನೀರು, ತುಕ್ಕಿನ ಬಣ್ಣದ್ದು. ಹಿಂದೆಯೇ ಫಿಲ್ಟರ್ ಕಾಫಿ ಬಣ್ಣದ ಆಯಿಲ್. ಅವರು ನನ್ನ ಮುಖ ನೋಡಿ ಕೇಳಿದ್ದು ಒಂದೇ ಮಾತು. "ನೀರಿಗೆ ಇಳಿಸಿದ ಮೇಲೆ ಯಾಕ್ ಸಾರ್ ಬಿಚ್ಚಿ ನೋಡ್ಲಿಲ್ಲ?"

ಗಾಡಿ ತಿಂಗಳುಗಟ್ಟಲೆ ನಿಂತಿದ್ದರಿಂದ ಭಾರವಾದ ನೀರು ತಳ ಸೇರಿತ್ತು. ಬೇರಿಂಗ್ ರೋಲರ್‌ಗಳು ಅದರಲ್ಲಿ ಅರ್ಧ ಮುಳುಗಿ ತುಕ್ಕು ಹಿಡಿದಿದ್ದವು. ಬೇರಿಂಗ್‌ನ ಹೊರ ಬಳೆಯ ಮೇಲೆ, ರೋಲರ್ ಕೂತ ಜಾಗಕ್ಕೆ ಸರಿಯಾಗಿ, ಸಾಲಾಗಿ ಕಪ್ಪು ಗುಳಿಗಳು. ಕ್ರೌನ್ ಅನ್ನುವ ದೊಡ್ಡ ಹಲ್ಲುಚಕ್ರದ ಹಲ್ಲುಗಳಲ್ಲೂ ಕಚ್ಚು ಬಿದ್ದಿತ್ತು. ಕ್ರೌನ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ ಪಿನಿಯನ್ ಜೋಡಿಯಾಗಿಯೇ ಬದಲಾಗಬೇಕು. ಒಂದು ಹಳೆಯದು ಒಂದು ಹೊಸದು ಅಂತ ಹಾಕಿದರೆ ಮತ್ತೆ ಊಳಿಡುತ್ತದೆ. ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದು ಸೆಟ್ ತಂದೆ. ಬೇರಿಂಗ್, ಸೀಲ್, ಶಿಮ್ ಅನ್ನುವ ತೆಳು ಬಿಲ್ಲೆ ಇಟ್ಟು ಅಳತೆ ಕೂರಿಸುವ ಕೂಲಿ, ಎಲ್ಲ ಸೇರಿ 34,000 ರೂಪಾಯಿ. ಒಂದು ಚಮಚ ಆಯಿಲ್ ನೋಡದೆ ಬಿಟ್ಟಿದ್ದಕ್ಕೆ.

ಹಾಗಾಗಿ ನಿಮ್ಮ ಕಿಲೋಮೀಟರ್ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಆ ಲೆಕ್ಕ ಒಣ ರಸ್ತೆಯಲ್ಲಿ ಓಡುವ ಗಾಡಿಗೆ. ಹಬ್ ಮುಳುಗುವಷ್ಟು ನೀರಿಗೆ ಇಳಿದರೆ ಮೀಟರ್ ಎಷ್ಟೇ ತೋರಿಸಲಿ, ಬಿಚ್ಚಿ ನೋಡಲೇಬೇಕು. ಇದು ಸಕಲೇಶಪುರದ ಹಳ್ಳಕ್ಕೆ ಮಾತ್ರ ಹೇಳುವ ಮಾತಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರ ವರ್ತುಲ ರಸ್ತೆ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು, ನೆನಪಿದೆಯಾ? ಆ ನೀರಲ್ಲಿ ದಾಟಿದ ಗಾಡಿಗೂ ಇದೇ ಮಾತು. ಅದು ಚರಂಡಿ ನೀರು, ಇನ್ನೂ ಕೆಟ್ಟದ್ದು.

ಸಿಂಥೆಟಿಕ್ಕಾ ಅಂದರೆ, ಈಗ ಬೇಡ. ನೀರು ಸೇರಿದ್ದರೆ ಒಂದು ಸಲ ಬದಲಿಸಿದರೆ ಸಾಲದು. ಹೌಸಿಂಗ್ ಮೂಲೆಯಲ್ಲಿ, ಆಕ್ಸಲ್ ಕೊಳವೆಯಲ್ಲಿ ಸ್ವಲ್ಪ ಉಳಿದೇ ಇರುತ್ತದೆ. ಸಾಮಾನ್ಯ ಮಿನರಲ್ ಆಯಿಲ್ ಹಾಕಿ, ನೂರು ಕಿಲೋಮೀಟರ್ ಓಡಿಸಿ, ಇಳಿಸಿ, ಮತ್ತೆ ಹೊಸದು ಹಾಕಿ. ಒಂದು ಸಲ ಸಿಂಥೆಟಿಕ್ ಹಾಕುವ ದುಡ್ಡಿನಲ್ಲಿ ಎರಡು ಸಲ ಇದು ಆಗುತ್ತದೆ. ಡೀಸೆಲ್ ಹಾಕಿ ತೊಳೆಯುತ್ತೇನೆ ಅನ್ನುವವರಿಗೆ ಬೇಡ ಅನ್ನಿ. ಉಳಿದ ಡೀಸೆಲ್ ಹೊಸ ಆಯಿಲನ್ನು ತೆಳು ಮಾಡುತ್ತದೆ.

ಬ್ರಾಂಡ್‌ಗಿಂತ ಡಬ್ಬಿ ಮೇಲಿನ ಗ್ರೇಡ್ ಮುಖ್ಯ. ಡಿಫರೆನ್ಷಿಯಲ್‌ಗೆ ಜಿಎಲ್-5 ಬೇಕು, ಅದು ಗೇರ್ ಆಯಿಲ್‌ನ ದರ್ಜೆ. ಆಯಿಲ್ ಎಷ್ಟು ಮಂದ ಅಂತ ಹೇಳುವ ಸಂಖ್ಯೆ 80ಡಬ್ಲ್ಯೂ-90 ಅಥವಾ 75ಡಬ್ಲ್ಯೂ-90 ಇದ್ದರೆ ನಮ್ಮ ಊರಿನ ಹವೆಗೆ ಸರಿ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಬರೀ ಉರುಳುವುದಿಲ್ಲ, ಜಾರಿಕೊಂಡು ಉಜ್ಜುತ್ತವೆ. ಆ ಒತ್ತಡಕ್ಕೆ ಗಂಧಕ, ರಂಜಕ ಸೇರಿದ ಆಯಿಲೇ ತಡೆಯುವುದು. ಅದರ ನಾತ ಅದಕ್ಕೇ. ಕೆಲವು ಗ್ಯಾರೇಜ್‌ಗಳಲ್ಲಿ ಗೇರ್‌ಬಾಕ್ಸ್‌ಗೂ ಇದೇ ಡಬ್ಬಿಯಿಂದ ಸುರಿಯುತ್ತಾರೆ. ಬಿಡಬೇಡಿ. ಗೇರ್‌ಬಾಕ್ಸ್ ಒಳಗೆ ಗೇರ್ ನಯವಾಗಿ ಬೀಳಲು ಇರುವ ಹಿತ್ತಾಳೆ ಸಿಂಕ್ರೋ ರಿಂಗ್‌ಗಳಿಗೆ ಕೆಲವು ಜಿಎಲ್-5 ಆಯಿಲ್ ಒಗ್ಗುವುದಿಲ್ಲ. ಅಲ್ಲಿಗೆ ಮ್ಯಾನುಯಲ್ ಹೇಳಿದ್ದನ್ನೇ ಹಾಕಿಸಿ.

ಈಗ ಬಿಚ್ಚುವ ವಿಷಯ. ಗಾಡಿಯನ್ನು ಸಮತಟ್ಟು ಜಾಗದಲ್ಲಿ ರಾತ್ರಿಯಿಡೀ ನಿಲ್ಲಿಸಿ. ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಮೊದಲು ಆಯಿಲ್ ತುಂಬಿಸುವ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ. ಅದು ಜಾಮ್ ಆಗಿದ್ದು ಗೊತ್ತಿಲ್ಲದೆ ಕೆಳಗಿನದನ್ನು ಬಿಚ್ಚಿದರೆ ಆಯಿಲ್ ಪೂರ್ತಿ ಇಳಿದಿರುತ್ತದೆ, ತುಂಬಿಸಲು ದಾರಿ ಇರುವುದಿಲ್ಲ. ಮೇಲಿನದು ಸಡಿಲವಾದ ಮೇಲೆ ಡ್ರೈನ್ ಪ್ಲಗ್ ಅರ್ಧ ಸುತ್ತು ತಿರುಗಿಸಿ, ಮೊದಲು ಜಿನುಗುವ ಒಂದೆರಡು ಚಮಚವನ್ನು ಗಾಜಿನ ಲೋಟಕ್ಕೆ ಹಿಡಿಯಿರಿ. ನೀರು ಇದ್ದರೆ ಮೊದಲು ಬರುವುದು ಅದೇ. ಜೇನಿನ ಬಣ್ಣ, ಪಾರದರ್ಶಕ ಇದ್ದರೆ ಪ್ಲಗ್ ಬಿಗಿ ಮಾಡಿ, ನಿಮ್ಮ ದುಡ್ಡು ಉಳಿಯಿತು. ಹಾಲು ಬೆರೆತ ಹಾಗಿದ್ದರೆ ಪೂರ್ತಿ ಇಳಿಸಿ. ಪೂರ್ತಿ ಇಳಿಸುವಾಗ ಮಾತ್ರ ಎರಡೂ ಪ್ಲಗ್ ಬಿಗಿ ಮಾಡಿ ಒಂದು ಹತ್ತು ನಿಮಿಷ ಓಡಿಸಿ ಬನ್ನಿ, ಬಿಸಿ ಆಯಿಲ್ ಚೆನ್ನಾಗಿ ಇಳಿಯುತ್ತದೆ.

ಪ್ಲಗ್‌ನಲ್ಲಿ ಮ್ಯಾಗ್ನೆಟ್ ಇದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಕಾಡಿಗೆ ತರಹ ನುಣ್ಣಗಿದ್ದರೆ ಮಾಮೂಲಿ ಸವೆತ. ಉಗುರಿನ ಚೂರಿನಂಥ ಚಕ್ಕೆ ಸಿಕ್ಕಿದರೆ ಹಲ್ಲು ಅಥವಾ ಬೇರಿಂಗ್ ಹೋಗುತ್ತಿದೆ. ತುಂಬಿಸುವಾಗ ಫಿಲ್ಲರ್ ತೂತಿನ ಕೆಳಅಂಚಿನಿಂದ ಆಯಿಲ್ ತಾನಾಗಿ ತೊಟ್ಟಿಕ್ಕುವ ತನಕ ಹಾಕಿ, ಅದಕ್ಕಿಂತ ಜಾಸ್ತಿ ಬೇಡ. ಹಳೆ ಆಯಿಲನ್ನು ದಯವಿಟ್ಟು ಮೋರಿಗೆ ಸುರಿಯಬೇಡಿ. ಗ್ಯಾರೇಜ್‌ನವರ ಡ್ರಮ್‌ಗೆ ಹಾಕಿ, ಅದನ್ನು ಕೊಳ್ಳುವವರಿದ್ದಾರೆ.

ಆಕ್ಸಲ್ ಸವೆತ ನೋಡಲು ಗಾಡಿ ಎತ್ತಬೇಕು. ಎತ್ತದೆ ಇರುವ ಚಕ್ರಗಳಿಗೆ ಕಲ್ಲು ಕೊಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಟಕ್ ಟಕ್ ಅಂತ ಆಡಿದರೆ ಬೇರಿಂಗ್ ಸವೆದಿದೆ. ಮುಂದಿನ ಚಕ್ರವಾದರೆ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಕೀಲು) ಬೇರಿಂಗ್ ಕೂಡ ಇರಬಹುದು, ಒಬ್ಬರು ಅಲ್ಲಾಡಿಸುವಾಗ ಇನ್ನೊಬ್ಬರು ಹಿಂದಿನಿಂದ ನೋಡಿ. ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹಿಂದಿನ ಒಂದು ಚಕ್ರ ನೆಲದ ಮೇಲೇ ಇರುವಾಗ, ಇನ್ನೊಂದನ್ನು ಯಾರಾದರೂ ಅಲುಗದಂತೆ ಹಿಡಿಯಲಿ. ನೀವು ಡಿಫರೆನ್ಷಿಯಲ್‌ಗೆ ಬಲ ತರುವ ಉದ್ದ ಕಂಬಿಯನ್ನು, ಅಂದರೆ ಪ್ರೊಪೆಲ್ಲರ್ ಶಾಫ್ಟನ್ನು, ಕೈಯಿಂದ ಆಚೀಚೆ ತಿರುಗಿಸಿ. ಸ್ವಲ್ಪ ಆಟ ಇದ್ದೇ ಇರುತ್ತದೆ. ಜಾಸ್ತಿ ಅನ್ನಿಸಿದರೆ ಕ್ರೌನ್ ಸವೆದಿದೆ ಅನ್ನುವ ಮುಂಚೆ ಆ ಶಾಫ್ಟ್ ತುದಿಯ ಕೀಲು, ಯು.ಜೆ. ಕ್ರಾಸ್ ನೋಡಿ. ಎಷ್ಟೋ ಸಲ ಗಾಡಿ ಹೊರಡುವಾಗ ಬರುವ ಟಣ್ ಸದ್ದು ಅದರದ್ದೇ.

ಹಿಂದಿನ ಡ್ರಮ್ ಬಿಚ್ಚಿ ನೋಡಿ. ಬ್ರೇಕ್ ಶೂ ಮೇಲೆ ಆಯಿಲ್ ಇದ್ದರೆ ಸೀಲ್ ಹೋಗಿದೆ. ಆ ಬ್ರೇಕ್ ನಂಬಿ ಶಿರಾಡಿ ಘಾಟ್ ಇಳಿಯಲಾಗದು. ಸೀಲ್ ಬದಲಿಸಲು ಹೇಗೂ ಆಕ್ಸಲ್ ಶಾಫ್ಟ್ ಹೊರಗೆ ಎಳೆಯಬೇಕು. ಎಳೆದಾಗ ಮೆಕ್ಯಾನಿಕ್ ಪಕ್ಕದಲ್ಲೇ ನಿಂತುಕೊಳ್ಳಿ. ಸೀಲ್ ಕೂರುವ ಜಾಗದ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ, ಹೊಸ ಸೀಲ್ ಹಾಕಿದರೂ ಸೋರುತ್ತದೆ. ಶಾಫ್ಟ್ ಒಳತುದಿಯ ಸ್ಪ್ಲೈನ್, ಅಂದರೆ ಉದ್ದುದ್ದ ಹಲ್ಲಿನ ಗೆರೆಗಳು, ಸೂಜಿಯಷ್ಟು ನೇರ ಇರಬೇಕು. ಹೆಣೆದ ಜಡೆ ತರಹ ಓರೆಯಾಗಿದ್ದರೆ ಶಾಫ್ಟ್ ತಿರುಚಿದೆ ಅಂತ ಅರ್ಥ. ಅಂಥದ್ದನ್ನು ವಾಪಸ್ ಹಾಕಲು ಒಪ್ಪಬೇಡಿ, ಅದು ಮುರಿಯುವುದು ಹಳ್ಳದ ಮಧ್ಯದಲ್ಲೇ. ಮುಂದಿನ ಚಕ್ರದ ಹಿಂದಿರುವ ಗುಂಡು ಕೀಲಿನ (ನಕಲ್) ಒಳಗಿನ ಗ್ರೀಸ್ ಆಯಿಲ್ ತರಹ ತೆಳ್ಳಗಾಗಿ ಸುರಿದರೆ ಒಳಸೀಲ್ ಹೋಗಿದೆ.

ಬ್ರೀದರ್‌ಗೆ ಬರುತ್ತೇನೆ. ಕೈ ಹಾಕಿ, ಮೂತಿಯ ಮುಚ್ಚಳ ಅಲುಗುತ್ತದಾ ನೋಡಿ. ಕೆಸರು, ಪೇಂಟ್ ಕೂತಿದ್ದರೆ ಕೆರೆದು ತೆಗೆಯಿರಿ. ನಾನು ಆಮೇಲೆ ಎರಡೂ ಆಕ್ಸಲ್‌ಗಳ ಬ್ರೀದರ್ ತೆಗೆದು, ಪೆಟ್ರೋಲ್ ಪೈಪ್ ಸಿಕ್ಕಿಸಿ ಮೇಲಕ್ಕೆ ಒಯ್ದೆ. ಮುಂದಿನದು ಎಂಜಿನ್ ಪಕ್ಕಕ್ಕೆ, ಹಿಂದಿನದು ಟೇಲ್ ಲ್ಯಾಂಪ್ ಹಿಂದಕ್ಕೆ. ತುದಿಗೆ ಬೈಕಿನ ಪುಟ್ಟ ಫ್ಯೂಯಲ್ ಫಿಲ್ಟರ್. ಪೈಪ್ ಸ್ವಲ್ಪ ಸಡಿಲ ಬಿಡಿ, ಆಕ್ಸಲ್ ಕೆಳಗೆ ಜೋತಾಗ ಎಳೆದು ಕಿತ್ತುಬರಬಾರದು. ಐನೂರು ರೂಪಾಯಿ ಆಗಲಿಲ್ಲ. ಅದಾದ ಮೇಲೆ ಐದು ಮಳೆಗಾಲ ಹೋಗಿ ಬಂದಿದ್ದೇನೆ. ಪ್ರತಿ ಸಲ ವಾಪಸ್ ಬಂದ ಮರುದಿನ ಬೆಳಗ್ಗೆ ಎರಡೂ ಡ್ರೈನ್ ಪ್ಲಗ್ ಸಡಿಲಿಸಿ ನೋಡುತ್ತೇನೆ. ಜೇನಿನ ಬಣ್ಣವೇ ಬಂದಿದೆ.

ನಿಮಗೆ ಶನಿವಾರದ ತನಕ ಟೈಮ್ ಇದೆ. ನಾಳೆ ಬೆಳಗ್ಗೆಯೇ ಲೋಟ ಹಿಡಿಯಿರಿ, ಹಿಂದಿನದಕ್ಕೂ ಮುಂದಿನದಕ್ಕೂ. ಬಣ್ಣ ಕಾಫಿಯಂತಿದ್ದರೆ ಈ ಶನಿವಾರದ ಹಳ್ಳ ಬಿಡಿ. ಆ ದಿನ ಗಾಡಿಗೆ ಮಿನರಲ್ ಆಯಿಲ್ ಹಾಕಿ ಕನಕಪುರ ರಸ್ತೆಯಲ್ಲಿ ನೂರು ಕಿಲೋಮೀಟರ್ ಓಡಿಸಿಕೊಂಡು ಬನ್ನಿ.