ಪ್ರತಿಕ್ರಿಯೆ: ಯಾರೂ ಹೋಗದ ಕಡೆ ಏನಿದೆ ಅಂತ ಹೇಗೆ ಗೊತ್ತಾಗುತ್ತದೆ?

ಸಂಡೂರಿನ ಗೆಳೆಯರೇ, ನಮ್ಮ ಗೆಲಾಕ್ಸಿಯ ನಡುವಿನ ಗ್ರಹೀಯ ನೀಹಾರಿಕೆಗಳಲ್ಲಿ ಯಾವ ಧಾತು ಎಷ್ಟಿದೆ ಅಂತ ಹೇಗೆ ಅಳೆಯುತ್ತಾರೆ ಎಂದು ಕೇಳಿದ್ದೀರಿ. ತುಂಬಾ ಒಳ್ಳೆಯ ಪ್ರಶ್ನೆ.

ಹೆಸರಲ್ಲಿ ಗ್ರಹ ಇದ್ದರೂ ಇವಕ್ಕೂ ಗ್ರಹಗಳಿಗೂ ಸಂಬಂಧವಿಲ್ಲ. ಸೂರ್ಯನಂಥ ನಕ್ಷತ್ರ ಮುಪ್ಪಿನಲ್ಲಿ ಕಳಚಿಕೊಂಡ ಅನಿಲ ಇದು. ಇದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದರೆ ಪ್ರತಿ ಧಾತುವಿಗೂ ಅದರದೇ ಗೆರೆಗಳು ಕಾಣುತ್ತವೆ. ಆಕ್ಸಿಜನ್ನಿನ ಹಸಿರು ಗೆರೆ 500.7 ನ್ಯಾನೋಮೀಟರ್ ತರಂಗಾಂತರದಲ್ಲಿದೆ. 1864ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹಗಿನ್ಸ್ ಅದನ್ನು ಕಂಡಾಗ ಯಾವ ಧಾತುವಿನದು ಅಂತ ಗೊತ್ತಾಗಲಿಲ್ಲ. 1927ರಲ್ಲಿ ವಿಜ್ಞಾನಿ ಐರಾ ಬೋವೆನ್ ಆ ಒಗಟು ಬಿಡಿಸಿದರು.

ಆದರೆ ಗೆರೆ ಜೋರಾಗಿದೆ ಅಂದಮಾತ್ರಕ್ಕೆ ಧಾತು ಜಾಸ್ತಿ ಇದೆ ಅನ್ನೋಕಾಗಲ್ಲ. ಅನಿಲ ಹೆಚ್ಚು ಬಿಸಿ ಇದ್ದರೂ ಗೆರೆ ಜೋರಾಗುತ್ತದೆ. ಅದಕ್ಕೇ ಆಕ್ಸಿಜನ್ನಿನದೇ 436.3 ನ್ಯಾನೋಮೀಟರಿನ ಮಂಕು ಗೆರೆಯ ಜೊತೆ ಹೋಲಿಸಿ ಮೊದಲು ತಾಪ ಅಳೆಯುತ್ತಾರೆ. ಸಾಮಾನ್ಯವಾಗಿ 10,000 ಡಿಗ್ರಿ ಆಸುಪಾಸು ಬರುತ್ತದೆ.

ನಿಜವಾದ ಕಷ್ಟ ಇಲ್ಲೇ. ಗೆಲಾಕ್ಸಿಯ ನಡು ಧನು ರಾಶಿಯ ಕಡೆ, ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿದೆ. ದಾರಿಯುದ್ದಕ್ಕೂ ದೂಳು. ನಿಮ್ಮೂರ ರಸ್ತೆಯಲ್ಲಿ ಅದಿರು ಲಾರಿ ಹೋದ ಮೇಲೆ ಎದುರಿನ ದೀಪ ಮಂಕಾಗುತ್ತದಲ್ವಾ, ಹಾಗೆ. ಈ ದೂಳು ನೀಲಿ ಬೆಳಕನ್ನೇ ಜಾಸ್ತಿ ನುಂಗುತ್ತದೆ, ಬೇಕಾದ ಮಂಕು ಗೆರೆ ಇರುವುದೂ ಅಲ್ಲೇ! ಹೈಡ್ರೋಜನ್ನಿನ ಕೆಂಪು ಗೆರೆ ಅದರ ನೀಲಿ-ಹಸಿರು ಗೆರೆಯ ಸುಮಾರು 2.86 ಪಟ್ಟು ಇರಬೇಕು. ಅದಕ್ಕಿಂತ ಎಷ್ಟು ಜಾಸ್ತಿ ಇದೆ ಅಂತ ನೋಡಿ ದೂಳಿನ ಲೆಕ್ಕ ಹಾಕುತ್ತಾರೆ.

ಹೀಗೆ ಸಿಕ್ಕ ಧಾತುಗಳ ಪ್ರಮಾಣದ ಅಂಕಿಗಳನ್ನು ಓದುವಾಗ ಆರ್ಗಾನ್, ಆಕ್ಸಿಜನ್ ಮೊದಲು ನೋಡಿ. ಅವು ಹೆಚ್ಚಾಗಿ ನಕ್ಷತ್ರ ಹುಟ್ಟಿದ ಮೋಡದಿಂದಲೇ ಬಂದವು. ನೈಟ್ರೋಜನ್, ಕಾರ್ಬನ್ ಪ್ರಮಾಣವನ್ನು ನಕ್ಷತ್ರವೇ ತನ್ನೊಳಗೆ ಬದಲಾಯಿಸಿರುತ್ತದೆ.