ಬೆಳಗುವ ಕಡ್ಡಿಗೆ ನೆರೆಹೊರೆಯ ಹಂಗು

ಪ್ರಶ್ನೆ: ಅರೆವಾಹಕದಿಂದ ಮಾಡಿದ ನ್ಯಾನೊಕಡ್ಡಿಯ (ಕೆಲವೇ ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲು ದಪ್ಪದ ಹರಳಿನ) ಬೆಳಕು ಅದರ ಅಳತೆಯನ್ನು ಅವಲಂಬಿಸಿದೆ ಎಂದು ಓದಿದ್ದೇನೆ. ಹಾಗಿದ್ದ ಮೇಲೆ ಅದೇ ಕಡ್ಡಿ ಗಾಜಿನ ಮೇಲೆ ಒಂದು ಬಗೆ, ಚಿನ್ನದ ಪಕ್ಕದಲ್ಲಿ ಇನ್ನೊಂದು ಬಗೆ ಬೆಳಗುವುದೇಕೆ?
— ಓದುಗರೊಬ್ಬರು, ಹಾಸನ

ಉತ್ತರ: ಅಳತೆಯಿಂದ ತೀರ್ಮಾನವಾಗುವುದು ಮುಖ್ಯವಾಗಿ ಬಣ್ಣ. ಕ್ಯಾಡ್ಮಿಯಂ ಸೆಲೆನೈಡ್ ಎಂಬ ಅರೆವಾಹಕದ ಕಡ್ಡಿ ತೆಳುವಾದಷ್ಟೂ ಬೆಳಕು ನೀಲಿಯ ಕಡೆಗೂ ದಪ್ಪವಾದಷ್ಟೂ ಕೆಂಪಿನ ಕಡೆಗೂ ಸರಿಯುತ್ತದೆ. ಇಲ್ಲಿ ಉದ್ದಕ್ಕಿಂತ ದಪ್ಪದ್ದೇ ದೊಡ್ಡ ಪಾತ್ರ. ಆದರೆ ಬೆಳಕು ಎಷ್ಟು ಬೇಗ, ಎಷ್ಟು ಪ್ರಮಾಣದಲ್ಲಿ, ಯಾವ ದಿಕ್ಕಿಗೆ ಹೊಮ್ಮುತ್ತದೆ ಎಂಬುದರಲ್ಲಿ ಸುತ್ತಲಿನ ವಸ್ತುವಿಗೂ ಪಾಲಿದೆ. ಶಕ್ತಿ ತುಂಬಿಕೊಂಡ ಕಣವು ಅದನ್ನು ಹೊರಚೆಲ್ಲುವ ವೇಗ ಕಣದ್ದಷ್ಟೇ ಗುಣವಲ್ಲ, ಅದಿರುವ ಜಾಗದ್ದೂ ಹೌದೆಂಬುದನ್ನು ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1946ರಲ್ಲೇ ತೋರಿಸಿಕೊಟ್ಟಿದ್ದರು. ನ್ಯಾನೊಕಡ್ಡಿಯನ್ನು ಪುಟಾಣಿ ಬಲ್ಬಿಗೆ ಹೋಲಿಸುವುದು ಅದಕ್ಕೇ ನನಗೆ ಒಪ್ಪಿಗೆಯಾಗದು. ಬುರುಡೆಯಿಲ್ಲದೆ ನಾದ ತುಂಬದ ತಂಬೂರಿಯ ತಂತಿ ಇದಕ್ಕೆ ಹೆಚ್ಚು ಹತ್ತಿರ.

ಗಾಜಿನ ವಕ್ರೀಭವನಾಂಕ (ಬೆಳಕನ್ನು ಎಷ್ಟು ನಿಧಾನಿಸುತ್ತದೆ ಎಂಬ ಅಳತೆ) ಸುಮಾರು 1.5, ಗಾಳಿಯದು 1. ಈ ಅಂಕ ಹೆಚ್ಚಿರುವ ಕಡೆಗೇ ಬೆಳಕು ಹೆಚ್ಚಾಗಿ ಹೊಮ್ಮುತ್ತದೆ. ಗಾಜಿನ ಮೇಲೆ ಕುಳಿತ ಕಡ್ಡಿ ತನ್ನ ಬೆಳಕಿನ ಹೆಚ್ಚಿನ ಪಾಲನ್ನು ಗಾಜಿನೊಳಕ್ಕೇ ಸುರಿಯುವುದರಿಂದ, ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಮಸೂರವನ್ನು ಗಾಜಿನ ಅಡಿಗೆ ತಂದು, ನಡುವೆ ಒಂದು ಹನಿ ಎಣ್ಣೆಯಿಟ್ಟು ನೋಡುವುದು ವಾಡಿಕೆ.

ಚಿನ್ನದ ವರ್ತನೆ ಇನ್ನೂ ವಿಚಿತ್ರ. ಕಡ್ಡಿ ಅದಕ್ಕೆ ಬಹುತೇಕ ತಾಗಿಕೊಂಡಿದ್ದರೆ ಶಕ್ತಿಯೆಲ್ಲ ಲೋಹದ ಎಲೆಕ್ಟ್ರಾನುಗಳಿಗೆ ಸೋರಿ ಶಾಖವಾಗುತ್ತದೆ, ಬೆಳಕು ಕುಗ್ಗುತ್ತದೆ. ನಡುವೆ ಕೆಲವು ನ್ಯಾನೊಮೀಟರಿನಿಂದ ಹತ್ತಾರು ನ್ಯಾನೊಮೀಟರಿನಷ್ಟು ಸಿಲಿಕಾ ಪದರವಿಟ್ಟು, ಲೋಹದ ಕಣದ ಆಕಾರವನ್ನೂ ಬೆಳಕಿನ ಬಣ್ಣಕ್ಕೆ ಹೊಂದಿಸಿದರೆ, ಎಲೆಕ್ಟ್ರಾನುಗಳ ಸಾಮೂಹಿಕ ಕಂಪನವು ಅದೇ ಬೆಳಕನ್ನು ಹಿಗ್ಗಿಸಬಲ್ಲದು.

ಕಡ್ಡಿಯ ಆಕಾರವೂ ಸುತ್ತಲಿನೊಡನೆ ಸೇರಿಯೇ ಕೆಲಸ ಮಾಡುತ್ತದೆ. ಉದ್ದವು ದಪ್ಪದ ಸುಮಾರು ಎರಡು ಪಟ್ಟನ್ನು ದಾಟಿದಾಗ ಬೆಳಕು ಕಡ್ಡಿಯುದ್ದಕ್ಕೂ ಧ್ರುವೀಕರಣಗೊಳ್ಳುವುದನ್ನು, ಅಂದರೆ ಅದರ ಕಂಪನ ಹೆಚ್ಚಾಗಿ ಕಡ್ಡಿಯ ದಿಕ್ಕಿಗೇ ಹೊಂದಿಕೊಳ್ಳುವುದನ್ನು, ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದರು. ಒಂದೇ ದಿಕ್ಕಿನ ಕಂಪನವನ್ನು ಹಾಯಗೊಡುವ ಪೋಲರಾಯ್ಡ್ ಹಾಳೆಯ ಮೂಲಕ ನೋಡುತ್ತ, ಅದನ್ನು ಕಡ್ಡಿಯ ದಿಕ್ಕಿನಿಂದ 90 ಡಿಗ್ರಿ ತಿರುಗಿಸಿದರೆ ಹೊಳಪು ಇಳಿಯುತ್ತದೆ. ಕಡ್ಡಿಗೆ ಅಡ್ಡಲಾದ ವಿದ್ಯುತ್ ಕ್ಷೇತ್ರ ಒಳಗೆ ದುರ್ಬಲವಾಗುವುದು ಇದಕ್ಕೊಂದು ಕಾರಣ, ಮತ್ತು ಈ ಪರಿಣಾಮ ಗಾಳಿಯಲ್ಲಿ ಹೆಚ್ಚು, ಎಣ್ಣೆಯಲ್ಲಿ ಕಡಿಮೆ.

ಕೊನೆಯದಾಗಿ, ಇಷ್ಟು ತೆಳುವಾದ ಹರಳಿನಲ್ಲಿ ಪರಮಾಣುಗಳ ದೊಡ್ಡ ಪಾಲು ಮೇಲ್ಮೈಯಲ್ಲೇ ಇರುವುದರಿಂದ, ಅಲ್ಲಿನ ಜೋಡಿಯಿಲ್ಲದ ಬಂಧಗಳು ಎಲೆಕ್ಟ್ರಾನನ್ನು ಹಿಡಿದಿಟ್ಟು ಬೆಳಕನ್ನು ನುಂಗುತ್ತವೆ. ಆದ್ದರಿಂದಲೇ ಕ್ಯಾಡ್ಮಿಯಂ ಸಲ್ಫೈಡಿನ ಹೊದಿಕೆ ಹಾಕುತ್ತಾರೆ. ಹೊದಿಕೆ ತೆಳುವಾಗಿದ್ದರೆ, ಒಂಟಿ ಕಡ್ಡಿಯು ಮಿಂಚುಹುಳದಂತೆ ಕೆಲವು ಕ್ಷಣ ಆರಿ, ಯಾವ ಲೆಕ್ಕಕ್ಕೂ ಸಿಗದೆ ಮತ್ತೆ ಹೊತ್ತಿಕೊಳ್ಳುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ.